ಸಂತನ ಹೆಂಡತಿಗೆ ಒಂದು ಪುಟ

ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಮದುವೆ ಕಾರ್ಡು, ಸಂಘಗಳ ವಾರ್ಷಿಕ ವರದಿ, ವೈಕುಂಠ ಸಮಾರಾಧನೆಯ ಪತ್ರ, ಆಗೊಮ್ಮೆ ಈಗೊಮ್ಮೆ ಯಾರಾದರೂ ತಾವೇ ಹಾಕಿಸುವ ಕವನ ಸಂಕಲನ. ಟೈಪು ಮಾಡಿದ್ದು ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಕಣ್ಣು ನೋಡುತ್ತದೆ, ಬೆರಳು ಹೊಡೆಯುತ್ತದೆ, ಸಂಜೆ ಬಸ್ಸು ಹತ್ತುವಷ್ಟರಲ್ಲಿ ಮರೆತೂ ಹೋಗುತ್ತದೆ. ಒಂದು ಪುಸ್ತಕ ಮಾತ್ರ ಹಾಗಾಗಲಿಲ್ಲ.

ಕೊರೊನಾ ಕಳೆದು ಪ್ರೆಸ್ಸು ಮತ್ತೆ ಬಾಗಿಲು ತೆರೆದ ಮೇಲೆ ಬಂದ ಪುಸ್ತಕ ಅದು. ತಂದವರು ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು, ಕ್ರೈಸ್ತರು. ನಮ್ಮ ಪ್ರೆಸ್ಸಿನ ಹಿಂದಿನ ರಸ್ತೆಯಲ್ಲೇ ಮಹಡಿ ಮೇಲಿನ ಎರಡು ಕೋಣೆಯಲ್ಲಿ ಒಬ್ಬರೇ ಇದ್ದರು. ಇಸ್ತ್ರಿ ಮಾಡಿದ ಬಿಳಿ ಷರಟು, ಜೇಬಿನಲ್ಲಿ ಜಪಸರ, ಕಂಕುಳಲ್ಲಿ ದಿನಪತ್ರಿಕೆ ಸುತ್ತಿದ ಐದು ನೋಟ್‌ಬುಕ್ಕು. ನನ್ನ ಮೇಜಿನ ಮೇಲೆ ಅವನ್ನು ಇಟ್ಟು, ಎಳೆಗೂಸನ್ನು ಮಲಗಿಸಿದ ಹಾಗೆ ಸ್ವಲ್ಪ ಹೊತ್ತು ಕೈ ತೆಗೆಯದೆ ನಿಂತರು.

"ಸಂತರ ಚರಿತ್ರೆ ಅಮ್ಮ. ಯೂರೋಪಿನ ಮಧ್ಯಕಾಲದ ಜನ ಇವರ ಕಥೆಗಳನ್ನ ಹೇಳ್ಕೊಂಡೇ ಬದುಕಿದ್ರು. ಇಂಗ್ಲಿಷಲ್ಲಿ ಬೇಕಾದಷ್ಟಿದೆ, ತಮಿಳಲ್ಲೂ ಇದೆ. ಕನ್ನಡದಲ್ಲಿ ಓದೋಣ ಅಂದ್ರೆ ನನಗೆ ಸಿಕ್ಕಿದ್ದೆಲ್ಲ ನಾಲ್ಕು ಪುಟದ ಕರಪತ್ರ."

"ನನಗೆ ಈ ಹೆಸರೆಲ್ಲ ಗೊತ್ತಿಲ್ಲ ಮೇಷ್ಟ್ರೇ. ತಪ್ಪಾದ್ರೆ?"

"ತಪ್ಪಾದ್ರೆ ತಿದ್ದೋಣ. ನಾನು ಮೂವತ್ತೈದು ವರ್ಷ ಮಾಡಿದ್ದು ಅದೇ ಕೆಲಸ."

ನಾನು ಚರ್ಚಿನ ಒಳಗೆ ಹೋದವಳೇ ಅಲ್ಲ. ಶನಿವಾರ ಆಂಜನೇಯನ ಗುಡಿ, ಹಬ್ಬಕ್ಕೆ ದೊಡ್ಡ ಗಣಪತಿ, ಅಷ್ಟೇ ನನ್ನ ಭಕ್ತಿ. ಆದರೆ ಮೇಷ್ಟ್ರ ಬರವಣಿಗೆ ದುಂಡಗೆ, ತಿಳಿಯಾಗಿ ಇತ್ತು. ಟೈಪು ಮಾಡುತ್ತ ಮಾಡುತ್ತ ನನಗೆ ಗೊತ್ತಿಲ್ಲದೆಯೇ ನಿಧಾನ ಮಾಡತೊಡಗಿದೆ. ಗಂಡನ ಮನೆಯವರ ಕಣ್ಣು ತಪ್ಪಿಸಿ ಬಡವರಿಗೆ ಮಡಿಲಲ್ಲಿ ರೊಟ್ಟಿ ಒಯ್ಯುತ್ತಿದ್ದ ರಾಣಿಯೊಬ್ಬಳು. ತಡೆದು ನಿಲ್ಲಿಸಿ ಮಡಿಲು ಬಿಚ್ಚಿಸಿದರೆ ತುಂಬ ಗುಲಾಬಿ. ಪ್ಲೇಗಿನವರ ಸೇವೆ ಮಾಡಿ ಕೊನೆಗೆ ತನಗೇ ತೊಡೆಯಲ್ಲಿ ಗೆಡ್ಡೆ ಎದ್ದಾಗ, ಊರಿಗೆ ಅಂಟದಿರಲಿ ಎಂದು ಕಾಡಿಗೆ ಹೋಗಿ ಮಲಗಿದ ಒಬ್ಬ. ದಿನವೂ ಒಂದು ನಾಯಿ ಬಾಯಲ್ಲಿ ರೊಟ್ಟಿ ಕಚ್ಚಿ ತಂದು ಅವನನ್ನು ಉಳಿಸಿತು. ಚರ್ಚಿನ ಗೋಡೆಗೆ ಅಂಟಿಸಿ ಕಟ್ಟಿದ ಕೋಣೆಯಲ್ಲಿ ಕೂತು, ಬಾಗಿಲಿಗೆ ಇಟ್ಟಿಗೆ ಹಾಕಿಸಿಕೊಂಡು, ಕಿಟಕಿಯೊಂದನ್ನೇ ಉಳಿಸಿಕೊಂಡ ಹೆಂಗಸು.

ಕರಡು ತಿದ್ದುವ ಕೆಲಸವನ್ನು ನಾನು ಮನೆಗೆ ತರುತ್ತಿದ್ದೆ. ತ್ಯಾಗರಾಜನಗರದ ಎರಡು ಕೋಣೆಯ ಮನೆಯಲ್ಲಿ ಇರುವುದು ನಾನು ಮತ್ತು ನನ್ನ ಸೋದರತ್ತೆ, ಅಪ್ಪನ ತಂಗಿ. ಅಮ್ಮ ನನ್ನ ಒಂಬತ್ತನೇ ವಯಸ್ಸಿನಲ್ಲೇ ತೀರಿಕೊಂಡಳು. ಜಡೆ ಹಾಕಿದ್ದು, ಜ್ವರ ಬಂದಾಗ ತಲೆ ಒತ್ತಿದ್ದು, ಶಾಲೆಗೆ ಬಂದು ಜಗಳ ಆಡಿದ್ದು ಎಲ್ಲ ಅತ್ತೆಯೇ. ಅವಳು ಗಾಂಧಿ ಬಜಾರಿನ, ಮಲ್ಲೇಶ್ವರದ ಸೀರೆ ಅಂಗಡಿಗಳಿಗೆ ಸೆರಗಿನ ಕುಚ್ಚು ಕಟ್ಟಿಕೊಡುತ್ತಾಳೆ. ಸಂಜೆ ಅವಳು ಕುಚ್ಚು ಕಟ್ಟುತ್ತ ಕೂತರೆ ನಾನು ಎದುರಿಗೆ ಕೂತು ಕರಡನ್ನು ಗಟ್ಟಿಯಾಗಿ ಓದುತ್ತಿದ್ದೆ. ಗಟ್ಟಿಯಾಗಿ ಓದಿದರೆ ತಪ್ಪು ಕಿವಿಗೆ ಸಿಕ್ಕುತ್ತದೆ. ವರದಿಗಳನ್ನು ಓದುವಾಗ ಆಕಳಿಸುತ್ತಿದ್ದ ಅತ್ತೆ, ಸಂತರು ಬಂದ ಮೇಲೆ ನಾನು ಕೈಕಾಲು ತೊಳೆಯುವ ಮೊದಲೇ, "ಇವತ್ತು ಯಾರ ಕಥೆ?" ಎಂದು ಕೇಳತೊಡಗಿದಳು. ಪ್ಲೇಗಿನವನ ಕಥೆ ಕೇಳಿ, "ಈ ಬಸವನಗುಡಿ, ಆ ಮಲ್ಲೇಶ್ವರ, ಎರಡನ್ನೂ ಪ್ಲೇಗ್ ಬಂದ ಮೇಲೇ ಕಟ್ಟಿದ್ದು ಅಂತ ನಮ್ಮಜ್ಜಿ ಹೇಳ್ತಿದ್ರು. ಆಗ ಇಲ್ಲೂ ಇಂಥೋನು ಒಬ್ಬ ಇದ್ದಿರ್ತಾನೆ. ಬರೆಯೋರು ಇರ್ಲಿಲ್ಲ," ಎಂದಳು.

ಹೀಗೆ ಒಂದು ಸಂಜೆ ಮೆಟ್ಟಿಲ ಕೆಳಗಿನ ಸಂತನ ಕಥೆ ಬಂತು.

ರೋಮ್ ಪಟ್ಟಣದ ಸಿರಿವಂತರ ಮನೆ. ಹರಕೆ ಹೊತ್ತು ಪಡೆದ ಒಬ್ಬನೇ ಮಗ. ಅವನಿಗೆ ಒಳ್ಳೆಯ ಮನೆತನದ ಹೆಣ್ಣು ತಂದು ಮದುವೆ ಮಾಡುತ್ತಾರೆ. ಮದುವೆಯ ದಿನವೇ ಅವನು ಹೆಂಡತಿಯ ಕೈಗೆ ಉಂಗುರ ಕೊಟ್ಟು, ದೇವರು ನಿನ್ನನ್ನು ಕಾಯಲಿ ಎಂದು ಹೇಳಿ, ಹಡಗು ಹತ್ತಿ ಹೊರಟುಹೋಗುತ್ತಾನೆ. ದೂರದ ಊರಿನ ಚರ್ಚಿನ ಬಾಗಿಲಲ್ಲಿ ಹದಿನೇಳು ವರ್ಷ ಭಿಕ್ಷೆ ಬೇಡುತ್ತಾನೆ. ಅಲ್ಲಿ ಜನ ಅವನನ್ನು ಸಂತನೆಂದು ತಿಳಿದು ಕಾಲಿಗೆ ಬೀಳಲು ಶುರುಮಾಡಿದಾಗ, ಈ ಹೊಗಳಿಕೆ ಬೇಡವೆಂದು ಮತ್ತೆ ಹಡಗು ಹತ್ತುತ್ತಾನೆ. ಗಾಳಿ ಆ ಹಡಗನ್ನು ತಂದು ಅವನ ಊರಿಗೇ ಮುಟ್ಟಿಸುತ್ತದೆ. ಅವನು ಅಪ್ಪನ ಮುಂದೆ ನಿಂತು ಒಂದು ಮೂಲೆ ಬೇಡುತ್ತಾನೆ. ಅಪ್ಪನಿಗೆ ಗುರುತು ಸಿಕ್ಕುವುದಿಲ್ಲ. ಎಲ್ಲೋ ಅಲೆಯುತ್ತಿರುವ ತನ್ನ ಮಗನನ್ನು ನೆನೆದು ಮೆಟ್ಟಿಲ ಕೆಳಗೆ ಜಾಗ ಕೊಡುತ್ತಾನೆ. ಆಳುಗಳು ಪಾತ್ರೆ ತೊಳೆದ ನೀರನ್ನು ಅವನ ತಲೆ ಮೇಲೆ ಸುರಿದು ನಗುತ್ತಾರೆ. ಹೆಂಡತಿ ಅದೇ ಮೆಟ್ಟಿಲು ಹತ್ತಿ ಇಳಿದು ಓಡಾಡುತ್ತಾಳೆ. ಹೀಗೆ ಇನ್ನೂ ಹದಿನೇಳು ವರ್ಷ. ಅವನು ಸತ್ತಾಗ ಊರಿನ ಗಂಟೆಗಳು ತಾವಾಗಿ ಹೊಡೆದುಕೊಳ್ಳುತ್ತವೆ. ಅವನ ಮುಷ್ಟಿಯಲ್ಲಿದ್ದ ಕಾಗದ ಓದಿದಾಗ ಅವನು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಅಪ್ಪ, ಅಮ್ಮ, ಹೆಂಡತಿ ಹೆಣದ ಮೇಲೆ ಬಿದ್ದು ಅಳುತ್ತಾರೆ.

ನಾನು ಮುಂದಿನ ಕಥೆಗೆ ಹಾಳೆ ತಿರುಗಿಸಿದೆ. ಅತ್ತೆಯ ಕೈ ನಿಂತಿತ್ತು.

"ಆ ಹುಡುಗಿ ಏನಾದ್ಲು?"

"ಅತ್ತಳು ಅಂತ ಇದೆಯಲ್ಲ ಅತ್ತೆ."

"ಅದು ಕೊನೇಲಿ. ಮೂವತ್ತನಾಲ್ಕು ವರ್ಷ ಏನ್ ಮಾಡ್ತಿದ್ಲು ಅಂತ?"

ಅದು ಬರೆದಿರಲಿಲ್ಲ. ಇಲ್ಲ ಎಂದೆ. ಅತ್ತೆ ಕುಚ್ಚಿನ ಸೀರೆಯನ್ನು ಮಡಿಸಿ ಪಕ್ಕಕ್ಕಿಟ್ಟು ಎದ್ದು ಹೋದಳು. ಸೀರೆಯನ್ನು ಅವಳು ಅರ್ಧಕ್ಕೆ ಬಿಟ್ಟಿದ್ದು ನಾನು ಅದುವರೆಗೆ ನೋಡಿರಲಿಲ್ಲ.

ಅತ್ತೆಯ ಗಂಡ ಮದುವೆಯಾದ ಮೂರನೇ ತಿಂಗಳಿಗೆ ಮನೆ ಬಿಟ್ಟು ಹೋದವರು. ಜಗಳವಿಲ್ಲ, ಮಾತಿಲ್ಲ. ಒಂದು ಬೆಳಿಗ್ಗೆ ಸ್ನಾನ ಮಾಡಿ ಗುಡಿಗೆ ಹೋಗಿಬರುತ್ತೇನೆಂದು ಹೋದರು. ಎರಡು ವರ್ಷದ ಮೇಲೆ ಉತ್ತರದ ಒಂದು ಮಠದಿಂದ ಕಾಗದ ಬಂತು. ಸನ್ಯಾಸ ತೆಗೆದುಕೊಂಡಿದ್ದರು. ತಮ್ಮ ಶ್ರಾದ್ಧವನ್ನು ತಾವೇ ಮಾಡಿಕೊಂಡು ಕಾವಿ ಉಟ್ಟಿದ್ದರು. ಅತ್ತೆ ಒಂದು ಟ್ರಂಕು ಹಿಡಿದುಕೊಂಡು ಅಣ್ಣನ ಮನೆಗೆ ಬಂದಳು. ಆಗ ಅವಳಿಗೆ ಇಪ್ಪತ್ತೊಂದು. ಇಷ್ಟನ್ನು ನಾನು ಅಪ್ಪನಿಂದ ಕೇಳಿದ್ದೆ. ಅತ್ತೆ ಹೇಳಿರಲಿಲ್ಲ. ನಾನು ಕಣ್ಣಾರೆ ಕಂಡದ್ದೆಂದರೆ ವರಮಹಾಲಕ್ಷ್ಮಿಯ ದಿನ ಅಕ್ಕಪಕ್ಕದ ಮನೆಗಳಲ್ಲಿ ಅರಿಸಿನ ಕುಂಕುಮದ ತಟ್ಟೆ ಅವಳ ಮುಂದೆ ಬಂದು ಒಂದು ಕ್ಷಣ ನಿಲ್ಲುತ್ತಿದ್ದದ್ದು. ಗಂಡ ಬದುಕಿದ್ದಾನೆ, ಕೊಡಬೇಕು. ತನ್ನ ತಿಥಿ ತಾನೇ ಮಾಡಿಕೊಂಡಿದ್ದಾನೆ, ಕೊಡಬಹುದೋ ಇಲ್ಲವೋ. ಕೆಲವರು ಕೊಡುತ್ತಿದ್ದರು, ಕೆಲವರು ತಟ್ಟೆಯನ್ನು ಮುಂದಿನವರಿಗೆ ಸರಿಸುತ್ತಿದ್ದರು. ಇನ್ನು ಕೆಲವರು, ಸ್ವಾಮಿಗಳ ಪೂರ್ವಾಶ್ರಮದವರು ಎಂದು ಅವಳ ಕಾಲಿಗೆ ನಮಸ್ಕಾರ ಮಾಡುತ್ತಿದ್ದರು. ಅತ್ತೆ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಮಾರನೇ ದಿನ ಸಂಜೆ ಅವಳಾಗಿಯೇ ಬಾಯಿ ಬಿಟ್ಟಳು.

"ಒಂದ್ಸಲ ಬಂದಿದ್ರು ಕಣೇ ಬಸವನಗುಡಿಗೆ. ಪ್ರವಚನಕ್ಕೆ. ನಿನಗಾಗ ಹತ್ತೋ ಹನ್ನೊಂದೋ. ನಾನು ತರಕಾರಿಗೆ ಹೋಗ್ತೀನಿ ಅಂತ ಹೇಳಿ ಹೋದೆ."

"ಮಾತಾಡಿದ್ಯಾ?"

"ಎಲ್ಲಿ ಮಾತು. ಹಿಂದೆ ಕೂತಿದ್ದೆ. ಮುಗಿದ ಮೇಲೆ ಮಂತ್ರಾಕ್ಷತೆಗೆ ಸಾಲು. ನಾನೂ ನಿಂತೆ. ಕೈಗೊಂದು ಬಾಳೆಹಣ್ಣು ಹಾಕಿ ಅಕ್ಷತೆ ಹಾಕಿದ್ರು."

"ಗುರುತು ಸಿಕ್ತಾ?"

"ನನಗೆ ಸಿಕ್ತು. ಹೆಬ್ಬೆರಳಿನ ಉಗುರು ಸೀಳಿತ್ತು, ಹಾಗೇ ಇತ್ತು. ಅವರು ಮುಖ ನೋಡ್ಲಿಲ್ಲ. ಅಥವಾ ನೋಡಿದ್ರೋ ಏನೋ. ಪಕ್ಕದಲ್ಲಿದ್ದೋನು ಮುಂದೆ ಹೋಗಿ, ಮುಂದೆ ಹೋಗಿ ಅಂತ ತಳ್ಳಿಬಿಟ್ಟ."

"ಹಣ್ಣೇನ್ ಮಾಡ್ದೆ?" ಎಂದೆ.

"ತಿಂದೆ. ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ."

ಆಮೇಲೆ ಅವಳು, "ನಿಮ್ಮ ಮೇಷ್ಟ್ರನ್ನ ಕೇಳು. ಆ ಹುಡುಗಿ ವಿಷಯ ಎಲ್ಲಾದ್ರೂ ಬರೆದಿದೆಯಾ ಅಂತ," ಎಂದಳು.

ಕೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ವರ್ಷ ಈ ಕಥೆ ಓದಿದ್ದೇನೆ, ಹೇಳಿದ್ದೇನೆ, ಯಾರೂ ಕೇಳಿರಲಿಲ್ಲ ಎಂದರು. ಎರಡು ದಿನ ಬಿಟ್ಟು ಬಂದು ತಮಗೆ ಸಿಕ್ಕಿದ್ದನ್ನು ಹೇಳಿದರು: ಕಥೆಯ ಒಂದು ರೂಪದಲ್ಲಿ, ಹೆಂಡತಿ ಸತ್ತಾಗ ಅವಳನ್ನು ಅವನ ಸಮಾಧಿಯಲ್ಲೇ ಇಡಲು ತೆರೆಯುತ್ತಾರಂತೆ. ಆಗ ಅವನ ಮೂಳೆಗಳು ತಾವಾಗಿ ಸರಿದು ಅವಳಿಗೆ ಜಾಗ ಮಾಡಿಕೊಡುತ್ತವಂತೆ.

ಇದನ್ನು ಅತ್ತೆಗೆ ಹೇಳಿದಾಗ ಅವಳು ನಕ್ಕಳು. ಕೇಳಲು ಹಿತವಾದ ನಗುವಲ್ಲ ಅದು. "ಸತ್ತ ಮೇಲೆ ಜಾಗ ಬಿಟ್ನಂತಾ? ದೊಡ್ಡ ಮನಸ್ಸು."

ಆ ಮಾತನ್ನು ನಾನು ಮೇಷ್ಟ್ರಿಗೆ ಮುಟ್ಟಿಸಬಾರದಿತ್ತು. ಮುಟ್ಟಿಸಿದೆ. ಅವರು ಬೇಸರ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. "ಅವರನ್ನ ನೋಡಬಹುದಾ ಅಮ್ಮ?" ಎಂದು ಕೇಳಿದರು.

ಒಂದು ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿಕೊಂಡು ಅವರು ನಮ್ಮ ಮನೆಗೆ ಬಂದರು. ಅತ್ತೆ ಉಪ್ಪಿಟ್ಟು ಮಾಡಿದ್ದಳು. ತಿನ್ನುವವರೆಗೂ ಇಬ್ಬರೂ ಸೊಪ್ಪಿನ ಬೆಲೆ, ಮೆಟ್ರೊ, ಮಂಡಿನೋವು ಎಂದು ಮಾತಾಡಿದರು. ಕಾಫಿ ಕುಡಿದ ಮೇಲೆ ಮೇಷ್ಟ್ರು ಲೋಟ ಕೆಳಗಿಟ್ಟು, "ನೀವು ಕೇಳಿದ್ದು ಸರಿ ತಾಯಿ," ಎಂದರು. "ನನಗೊಬ್ಬಳೇ ಮಗಳು. ಕನ್ಯಾಮಠ ಸೇರಿದಾಳೆ. ಸ್ಕೂಲು, ಆಸ್ಪತ್ರೆ ನಡೆಸ್ತಾರಲ್ಲ ಆ ಥರ ಸಿಸ್ಟರ್ ಅಲ್ಲ. ಹೊರಗೇ ಬರದ ಮಠ ಅದು. ಒಳಗೆ ಪ್ರಾರ್ಥನೆ, ಮೌನ. ನೋಡೋಕೆ ಹೋದ್ರೆ ಮಧ್ಯೆ ಕಬ್ಬಿಣದ ಜಾಲರಿ."

"ಅವಳಮ್ಮ?"

"ನಮ್ಮನೆಯವರು ಬೇಡ ಬೇಡ ಅಂತ ಅತ್ರು. ದೇವರಿಗೆ ಅಡ್ಡ ನಿಲ್ಬೇಡ ಅಂತ ಬೈದೋನು ನಾನು. ಆಮೇಲೆ ವರ್ಷಕ್ಕೊಂದ್ಸಲ ಹೋದಾಗ ಅವರು ಮಾತೇ ಆಡ್ತಿರ್ಲಿಲ್ಲ. ಜಾಲರಿಯೊಳಗೆ ಬೆರಳು ತೂರಿಸ್ಕೊಂಡು ಸುಮ್ನೆ ಕೂರ್ತಿದ್ರು. ಕೊರೊನಾದಲ್ಲಿ ಹೋಗ್ಬಿಟ್ರು. ಮಗಳು ಬರಲಿಲ್ಲ. ಬರೋ ಹಾಗಿಲ್ಲ."

"ಮಗಳು ಸುಖವಾಗಿದಾಳಾ?"

"ಇದಾಳೆ ತಾಯಿ. ಮುಖ ನೋಡಿದ್ರೇ ಗೊತ್ತಾಗುತ್ತೆ. ಅದಕ್ಕೇ ಯಾರ ಮೇಲೂ ಕೋಪ ಮಾಡ್ಕೊಳ್ಳೋಕೂ ಆಗಲ್ಲ. ಇವರು ಹೋದ ಮೇಲೆ ಈ ಪುಸ್ತಕ ಶುರು ಮಾಡ್ದೆ. ಬಿಟ್ಟು ಹೋದೋರ ಕಥೆ ಎಲ್ಲ ಬರೆದ್ರೆ ನನಗೆ ಸಮಾಧಾನ ಆಗುತ್ತೇನೋ ಅಂತ."

ಅತ್ತೆ ಅವರನ್ನು ದಿಟ್ಟಿಸಿ ನೋಡಿದಳು. "ಉಳಿದೋರದ್ದೂ ಒಂದು ಪುಟ ಬರೀರಿ."

"ಚರಿತ್ರೆಯಲ್ಲಿ ಇಲ್ವಲ್ಲ ತಾಯಿ. ಇಲ್ಲದ್ದನ್ನ ಹೇಗೆ ಬರೆಯೋದು?"

"ನಾಯಿ ರೊಟ್ಟಿ ಕೊಟ್ಟಿದ್ದನ್ನ ಯಾರು ನೋಡಿದ್ರು ಮೇಷ್ಟ್ರೇ?"

ಮೇಷ್ಟ್ರು ಮೊದಲ ಸಲ ನಕ್ಕರು. ಜೇಬಿನಿಂದ ಪೆನ್ನು ತೆಗೆದರು. ನಾನು ಕರಡಿನ ಜೊತೆ ಮನೆಗೆ ತಂದಿದ್ದ ಚೀಲದಲ್ಲಿ ಐದನೇ ನೋಟ್‌ಬುಕ್ಕು ಇತ್ತು. ಕೊನೆಯ ಹಾಳೆ ಖಾಲಿ ಇತ್ತು. "ಹೇಳಿ," ಎಂದರು.

ಅತ್ತೆ ಗೋಡೆಗೆ ಒರಗಿ ಕೂತು ಹೇಳಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ಮೊದಲನೇ ವರ್ಷ ಬಾಗಿಲು ಸದ್ದಾದಾಗಲೆಲ್ಲ ಎದ್ದು ನಿಂತಳು ಅಂತ ಬರೀರಿ. ಎರಡನೇ ವರ್ಷ ಎದ್ದೇಳಲಿಲ್ಲ, ಕಿವಿ ಮಾತ್ರ ಕೊಟ್ಟಳು. ಗಂಡ ಇಲ್ಲದ ಮನೆಯಲ್ಲಿ ಯಾವಾಗ ಊಟಕ್ಕೆ ಕೂರಬೇಕು, ಎಷ್ಟು ಬಡಿಸಿಕೊಳ್ಳಬೇಕು ಅಂತ ಗೊತ್ತಾಗದೆ ಎಲ್ಲರದ್ದೂ ಆದ ಮೇಲೆ ಉಂಡಳು. ಜೋರಾಗಿ ನಕ್ಕರೆ ಗಂಡನ ಅಮ್ಮ ನೋಡುತ್ತಾಳೆ, ಅತ್ತರೂ ನೋಡುತ್ತಾಳೆ. ಮೆಟ್ಟಿಲ ಕೆಳಗಿನ ಭಿಕ್ಷುಕ ಚಳಿಗಾಲದಲ್ಲಿ ಕೆಮ್ಮುವುದು ಅವಳ ಕೋಣೆಗೆ ಕೇಳುತ್ತಿತ್ತು. ಒಂದು ದಿನವಾದರೂ ಅವಳೇ ಅವನಿಗೆ ಊಟ ಕಳಿಸಿರುತ್ತಾಳೆ, ಅದನ್ನು ಬರೀರಿ.

ಇನ್ನೂ ಹೇಳಿದಳು. ಇಷ್ಟು ಮಾತ್ರ ನನಗೆ ನೆನಪಿದೆ.

ಮೇಷ್ಟ್ರು ಬರೆಯುವುದು ನಿಲ್ಲಿಸಿ, "ಅವಳಿಗೆ ಗುರುತು ಸಿಕ್ಕಿತ್ತು ಅಂತ ಬರೆಯಲಾ?" ಎಂದು ಕೇಳಿದರು.

ಅತ್ತೆ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು. "ಬೇಡ. ಗೊತ್ತಿಲ್ಲ ಅಂತ ಬರೀರಿ."

ಸೋಮವಾರ ನಾನು ಆ ಪುಟವನ್ನು ಟೈಪು ಮಾಡಿ ಕಥೆಯ ಕೊನೆಗೆ ಸೇರಿಸಿದೆ. ಅದರ ಕರಡು ಓದಿದಾಗ ಅತ್ತೆ ಒಂದು ಅಲ್ಪವಿರಾಮ ಹಾಕಿಸಿದಳು. "ಅಲ್ಲಿ ನಿಲ್ಬೇಕು ಕಣೇ, ಉಸಿರು ತಗೋಬೇಕು," ಎಂದಳು. ಆ ವಾರವೆಲ್ಲ ಅವಳು ಕುಚ್ಚು ಕಟ್ಟುತ್ತ ಏನೋ ಗುನುಗುತ್ತಿದ್ದಳು. ನನಗೆ ಹಾಗೆ ನೆನಪು.

ಮುಂದಿನ ತಿಂಗಳು ಮೇಷ್ಟ್ರಿಗೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಗೆ ಹೋಗಿ ನೋಡಿದೆ. ಮಾತು ಪೂರ್ತಿ ನಿಂತುಹೋಗಿತ್ತು. ಕಣ್ಣು ಮಾತ್ರ ನನ್ನನ್ನು ಗುರುತಿಸಿತು. ಪುಸ್ತಕದ ಉಸ್ತುವಾರಿಯನ್ನು ಅವರ ತಮ್ಮನ ಮಗ ವಹಿಸಿಕೊಂಡರು. ಕೆಟ್ಟವರಲ್ಲ. ಆಫೀಸಿಗೆ ರಜೆ ಹಾಕಿ ದೊಡ್ಡಪ್ಪನ ಹಾಸಿಗೆ ಪಕ್ಕ ಕೂತವರು ಅವರೇ. ಕೊನೆಯ ಕರಡನ್ನು ಕೆಂಪು ಪೆನ್ನು ಹಿಡಿದು ಪ್ರೆಸ್ಸಿನಲ್ಲೇ ಕೂತು ಓದಿದರು. ಆ ಪುಟಕ್ಕೆ ಬಂದಾಗ ಎರಡು ಸಲ ಓದಿದರು.

"ಇದನ್ನ ಯಾರು ಸೇರ್ಸಿದ್ದು ಮೇಡಂ?"

"ಮೇಷ್ಟ್ರೇ ಬರೆದಿದ್ದು ಸರ್. ಅವರ ಕೈಬರಹದಲ್ಲೇ ಇದೆ, ನೋಡಿ."

"ಇದು ಸಂತರ ಚರಿತ್ರೆಯಲ್ಲಿಲ್ಲ. ಓದಿದೋರು ಸಂತರನ್ನೇ ಬೈದಂಗಿದೆ ಅಂತಾರೆ. ದೊಡ್ಡಮ್ಮ ಹೋದಾಗಿಂದ ದೊಡ್ಡಪ್ಪನ ಮನಸ್ಸು ಸರಿ ಇರ್ಲಿಲ್ಲ, ನಿಮಗೂ ಗೊತ್ತಲ್ಲ. ತೆಗೆದುಬಿಡಿ."

ಪ್ರೆಸ್ಸಿನ ಯಜಮಾನರೂ ಅದೇ ಹೇಳಿದರು. ಹದಿನಾರು ಪುಟ ಒಟ್ಟಿಗೆ ಅಚ್ಚಾದರೆ ಒಂದು ಫಾರಂ. ಆ ಒಂದು ಪುಟದಿಂದ ಪುಸ್ತಕ ಇನ್ನೊಂದು ಫಾರಮ್ಮಿಗೆ ಹೋಗುತ್ತಿತ್ತು, ತೆಗೆದರೆ ಸರಿಯಾಗಿ ಕೂರುತ್ತಿತ್ತು. "ತೆಗಿಯಮ್ಮ, ಅವರ ಪುಸ್ತಕ, ಅವರಿಷ್ಟ," ಎಂದರು.

ನಾನು ವಾದ ಮಾಡಬಹುದಿತ್ತು. ಮೇಷ್ಟ್ರು ಇನ್ನೂ ಬದುಕಿದ್ದಾರೆ, ಕಣ್ಣಿನಲ್ಲಾದರೂ ಹೂಂ ಉಹೂಂ ಹೇಳುತ್ತಾರೆ, ಕೇಳೋಣ ಎನ್ನಬಹುದಿತ್ತು. ಇದು ನಮ್ಮತ್ತೆ ಹೇಳಿದ್ದು ಎನ್ನಬಹುದಿತ್ತು. ಅದು ಬಾಯಿಗೆ ಬಂತು, ನುಂಗಿಕೊಂಡೆ. ನಾಚಿಕೆಯೋ ಹೆದರಿಕೆಯೋ ಈಗಲೂ ತಿಳಿಯದು. ಪುಟವನ್ನು ಸೆಲೆಕ್ಟ್ ಮಾಡಿದೆ, ಡಿಲೀಟ್ ಒತ್ತಿದೆ, ಸೇವ್ ಮಾಡಿದೆ. ಮೇಷ್ಟ್ರ ತಮ್ಮನ ಮಗ ಥ್ಯಾಂಕ್ಸ್ ಮೇಡಂ ಎಂದು ಐದು ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡು ಹೋದರು. ಸಂಜೆ ಹಳೆಯ ಕರಡನ್ನು ಹುಡುಕಿದೆ. ಶನಿವಾರ ರದ್ದಿಯವನು ಬಂದು ಎಲ್ಲವನ್ನೂ ಕಟ್ಟಿಕೊಂಡು ಹೋಗಿದ್ದ.

ಪುಸ್ತಕ ಬೈಂಡಿಂಗಿಗೆ ಹೋಗಿದ್ದಾಗ ಮೇಷ್ಟ್ರು ತೀರಿಕೊಂಡರು. ಅವರ ಮಗಳು ಬರಲಿಲ್ಲ.

ಅತ್ತೆಗೆ ನಾನು ಪುಟದ ವಿಷಯ ಹೇಳಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ತಳ್ಳಿದೆ. ಚರ್ಚಿನ ಪಕ್ಕದ ಸಭಾಂಗಣದಲ್ಲಿ ಬಿಡುಗಡೆಯಿದೆ ಎಂದು ಪತ್ರ ಬಂದಾಗ ಅವಳು ಬೀರುವಿನಿಂದ ನೇರಳೆ ಬಣ್ಣದ ರೇಷ್ಮೆ ಸೀರೆ ತೆಗೆದಳು. ಮಂಡಿನೋವು, ಬೇಡ ಅತ್ತೆ ಎಂದೆ. "ಮೇಷ್ಟ್ರಿಗೋಸ್ಕರ ಬರ್ತೀನಿ," ಎಂದಳು.

ಹಿಂದಿನ ಸಾಲಿನಲ್ಲಿ ಕೂತೆವು. ಪಾದ್ರಿಗಳು ಮೇಷ್ಟ್ರ ಬಗ್ಗೆ ಮಾತಾಡಿದರು, ಎಲ್ಲರೂ ಎದ್ದು ನಿಂತು ಪ್ರಾರ್ಥನೆ ಮಾಡಿದರು. ಒಬ್ಬ ಹೆಣ್ಣುಮಗಳು ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟುಕೊಂಡು ಬಂದಳು. ಅತ್ತೆ ಕೈಗೆ ಬಂದ ಕೂಡಲೇ ಬಿಚ್ಚಿದಳು. ಪರಿವಿಡಿ ನೋಡಲಿಲ್ಲ, ಕಥೆ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ನಾನು ಎದುರಿನ ಗೋಡೆ ನೋಡುತ್ತ ಕೂತೆ. ಹಾಳೆ ಮುಂದೆ ತಿರುಗಿದ ಸದ್ದು, ಹಿಂದೆ ತಿರುಗಿದ ಸದ್ದು, ಮತ್ತೆ ಮುಂದೆ. ಆಮೇಲೆ ಅವಳು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, ಕಾರ್ಯಕ್ರಮ ಮುಗಿಯುವವರೆಗೂ ಬೆನ್ನು ನೆಟ್ಟಗೆ ಮಾಡಿ ಕೂತಳು. ಕೊಟ್ಟ ಕೇಕನ್ನು ಬೇಡ ಎನ್ನದೆ ತಿಂದಳು.

ಆಟೊ ಬುಲ್ ಟೆಂಪಲ್ ರಸ್ತೆಗೆ ಬಂದಾಗ ಕೇಳಿದಳು.

"ನೀನೇ ತೆಗೆದಿದ್ದಾ?"

"ಹೂಂ ಅತ್ತೆ. ತೆಗಿ ಅಂದ್ರು."

"ಮೇಷ್ಟ್ರಿಗೆ ಗೊತ್ತಿತ್ತಾ?"

"ಇಲ್ಲ."

"ಅಷ್ಟಾದ್ರೂ ಒಳ್ಳೇದಾಯ್ತು."

ಮನೆಗೆ ಬಂದು ರೇಷ್ಮೆ ಸೀರೆ ಬಿಚ್ಚಿ, ಹಗ್ಗದ ಮೇಲೆ ಗಾಳಿಗೆ ಹಾಕಿ, ಸಾರಿಗೆ ಬೇಳೆ ಇಟ್ಟಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅವಳು ಬೈಯುವುದರಲ್ಲಿ ಹಿಂದೆ ಬೀಳುವವಳಲ್ಲ; ಹಾಲು ಉಕ್ಕಿದರೂ ಬೀದಿಗೆ ಕೇಳುವಂತೆ ಬೈಯುತ್ತಾಳೆ. ಈ ಒಂದಕ್ಕೆ ಬೈಯಲಿಲ್ಲ.

ಕೆಲವು ವಾರ ಕಳೆದ ಮೇಲೆ ನಾನು ಬಿಳಿ ಹಾಳೆ ಹಿಡಿದು ಅವಳ ಎದುರಿಗೆ ಕೂತೆ. "ಅತ್ತೆ, ಮತ್ತೊಂದ್ಸಲ ಹೇಳು. ನಾನು ಬರ್ಕೋತೀನಿ. ಪುಸ್ತಕಕ್ಕಲ್ಲ, ನಮಗೆ."

ಅವಳು ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಗಿ ಮಾಡಿದಳು. "ಒಂದ್ಸಲ ಹೇಳಿದ್ದಾಯ್ತಲ್ಲ ಕಣೇ. ಎರಡನೇ ಸಲ ಹೇಳಿದ್ರೆ ನಾನು ಏನೇನೋ ಸೇರಿಸ್ಬಿಡ್ತೀನಿ."

"ಸೇರಿಸು, ಪರವಾಗಿಲ್ಲ."

"ಬೇಡ ಬಿಡು," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಆ ಹಸಿರು ದಾರದ ಉಂಡೆ ಇತ್ತ ಕೊಡು," ಎಂದಳು. ಕೊಟ್ಟೆ.